ಕೋರ್ಸ್ ಪುಟ ತೆರೆದವರಿಗೆ ಮೊದಲು ಏನು ಕಾಣಬೇಕು?

ಎರಡು ವರ್ಷದ ಹಿಂದಿನ ಮಾತು. ಎರಡನೇ ಸೆಮಿಸ್ಟರಿನ ಮೊದಲ ಇಂಟರ್ನಲ್ಸ್ ಮುಗಿದಿತ್ತು. ನನ್ನ ಅರ್ಥಶಾಸ್ತ್ರ ತರಗತಿಯ ಒಬ್ಬ ವಿದ್ಯಾರ್ಥಿನಿಯನ್ನು ಸ್ಟಾಫ್ ರೂಮಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, "ನಿನ್ನ ಫೋನಲ್ಲೇ ನಮ್ಮ ಕೋರ್ಸ್ ಪುಟ ತೆಗಿ, ಮೂರನೇ ಯೂನಿಟ್ಟಿನ ನೋಟ್ಸ್ ಹುಡುಕು, ನಾನು ಸುಮ್ಮನೆ ನೋಡ್ತೀನಿ" ಅಂದೆ. ಗದರಿಸಲು ಕರೆದದ್ದಲ್ಲ. ತರಗತಿಯ ಅರ್ಧಕ್ಕರ್ಧ ಮಕ್ಕಳು ಆನ್‌ಲೈನ್ ಅಸೈನ್‌ಮೆಂಟ್ ಮುಟ್ಟಿಯೇ ಇರಲಿಲ್ಲ. ಆ ಪುಟ ಕಟ್ಟಲು ರಜೆಯಲ್ಲಿ ಹದಿನೈದು ದಿನ ಕೂತಿದ್ದ ನನಗೆ ಕಾರಣ ಗೊತ್ತಾಗಬೇಕಿತ್ತು.

ಲಾಗಿನ್ ಆಗುವಷ್ಟರಲ್ಲಿ ಎರಡು ಸಲ ಪಾಸ್‌ವರ್ಡ್ ತಪ್ಪಿತು. ಪುಟ ತೆರೆದುಕೊಂಡಿತು. ಅವಳ ಹೆಬ್ಬೆರಳು ಪರದೆಯ ಮೇಲೆ ಸರಿಯುತ್ತ ಹೋಯಿತು, ಹೋಗುತ್ತಲೇ ಇತ್ತು. ನಾನು ಏರಿಸಿದ್ದ ನಲವತ್ಮೂರು ಫೈಲುಗಳು ಒಂದರ ಕೆಳಗೊಂದು. 'ಯೂನಿಟ್ 3', 'ಯೂನಿಟ್ 3 ಫೈನಲ್', 'ಯೂನಿಟ್ 3 ಪಿಪಿಟಿ ಹೊಸದು'. ಮೊದಲನೆಯದನ್ನು ಒತ್ತಿದಳು. ಕೈಬರಹದ ನೋಟ್ಸನ್ನು ಫೋಟೋ ತೆಗೆದು ಮಾಡಿದ್ದ ಪಿಡಿಎಫ್ ಅದು, 38 ಎಂಬಿ. ಸುತ್ತುವ ಗುರುತನ್ನು ಒಂದಷ್ಟು ಹೊತ್ತು ನೋಡಿ ಹಿಂದಕ್ಕೆ ಬಂದಳು. ಆಮೇಲೆ ತಲೆಯೆತ್ತಿ ಕೇಳಿದಳು: "ಸಾರ್, ಇದರಲ್ಲಿ ಯಾವುದು ಓದ್ಬೇಕು?"

ನಾನು ಕೊಟ್ಟಿದ್ದು ಕಡತಗಳ ರಾಶಿ. ಅವಳಿಗೆ ಬೇಕಿದ್ದದ್ದು ಈ ವಾರ ತಾನು ಏನು ಮಾಡಬೇಕು ಎಂಬ ಒಂದು ಸಾಲು. ಕಾಲೇಜು ಮಕ್ಕಳಿಗಾಗಿ ಕಟ್ಟುವ ಆನ್‌ಲೈನ್ ಕೋರ್ಸ್ ತಾಣಗಳ ಸಮಸ್ಯೆಯೆಲ್ಲ ಬಹುಮಟ್ಟಿಗೆ ಈ ಒಂದು ಅಂತರದಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ನಾವು ಉಪನ್ಯಾಸಕರು ಪಠ್ಯವಸ್ತು ಹಿಡಿದು ಯೋಚಿಸುತ್ತೇವೆ. ಮಕ್ಕಳು ದಿನ, ವಾರ, ಗಂಟೆ ಹಿಡಿದು ಬದುಕುತ್ತಾರೆ. ಸಿಲಬಸ್ಸಿನ ಆಕಾರದಲ್ಲಿ ಕಟ್ಟಿದ ತಾಣ ಉಪನ್ಯಾಸಕರಿಗೆ ಚೆನ್ನಾಗಿ ಅರ್ಥವಾಗುತ್ತದೆ, ಓದುವವರಿಗಲ್ಲ.

ಈಗ ಈ ವಿಷಯಕ್ಕೆ ಹಿಂದೆಂದಿಗಿಂತ ಹೆಚ್ಚು ತೂಕ ಬಂದಿದೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಎನ್‌ಪಿಟಿಇಎಲ್ ಶುರುಮಾಡಿದ್ದು 2003ರಲ್ಲಿ. ಆಗ ಅದು ಆಸಕ್ತಿ ಇದ್ದವರು ಹುಡುಕಿಕೊಂಡು ಹೋಗಿ ನೋಡುವ ವಿಡಿಯೊಗಳ ಭಂಡಾರ. 2017ರಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ 'ಸ್ವಯಂ' ವೇದಿಕೆ ಬಂತು. ಅಲ್ಲಿ ಓದಿದ ಕೋರ್ಸಿನ ಕ್ರೆಡಿಟ್ ಪದವಿಗೆ ಸೇರುವುದಕ್ಕೆ 2016ರಲ್ಲೇ ಯುಜಿಸಿ ನಿಯಮ ಮಾಡಿತ್ತು. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 20ರವರೆಗೆ. 2021ರ ನಿಯಮದಲ್ಲಿ ಅದು ಶೇ 40 ಆಯಿತು. ಅದೇ ವರ್ಷದ ಆರಂಭದಲ್ಲಿ ನಮ್ಮ ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪದವಿ ಕಾಲೇಜುಗಳಿಗಾಗಿ ಕರ್ನಾಟಕ ಎಲ್‌ಎಂಎಸ್ ಎಂಬ ಆನ್‌ಲೈನ್ ಕಲಿಕಾ ವ್ಯವಸ್ಥೆ ಬಂತು. ಕೋವಿಡ್ ಕಾಲದಲ್ಲಿ ಕಾಲೇಜು ಕಾಲೇಜಿಗೂ ಗೂಗಲ್ ಕ್ಲಾಸ್‌ರೂಮ್, ಕೋರ್ಸ್ ತಾಣ ಕಟ್ಟುವ ಮೂಡಲ್ ತಂತ್ರಾಂಶ, ಇನ್ನೇನಿಲ್ಲವೆಂದರೆ ವಾಟ್ಸ್‌ಆ್ಯಪ್ ಗ್ರೂಪು ಕಾಲಿಟ್ಟವು. ಕೋವಿಡ್ ಹೋಯಿತು, ಅವು ಉಳಿದವು. ಐಎ, ಅಂದರೆ ಆಂತರಿಕ ಮೌಲ್ಯಮಾಪನದ ಮಾರ್ಕ್ಸಿನ ಒಂದು ಪಾಲು ಈಗ ಅಲ್ಲೇ ನಿರ್ಧಾರವಾಗುತ್ತದೆ. ಹಾಗಿರುವಾಗ ಪುಟ ಕೆಟ್ಟದಾಗಿದ್ದರೆ ಅಂಕ ಕಳೆದುಕೊಳ್ಳುವುದು ಪುಟ ಕಟ್ಟಿದವರಲ್ಲ.

ಅರ್ಧಕ್ಕೆ ಬಿಡುವುದರ ಹಿಂದೆ

ಆನ್‌ಲೈನ್ ಕೋರ್ಸ್ ಎಂದ ಕೂಡಲೇ ಕೇಳಿಬರುವ ದೂರು ಒಂದೇ: ಮಕ್ಕಳು ಶುರುಮಾಡುತ್ತಾರೆ, ಮುಗಿಸುವುದಿಲ್ಲ. ದೂರು ಸುಳ್ಳಲ್ಲ. ಹಾರ್ವರ್ಡ್ ಮತ್ತು ಎಂಐಟಿ ಎಡೆಕ್ಸ್ ವೇದಿಕೆಯಲ್ಲಿ ನಡೆಸಿದ ಕೋರ್ಸುಗಳ ಲೆಕ್ಕವನ್ನು ಇಬ್ಬರು ಸಂಶೋಧಕರು 2019ರಲ್ಲಿ ಪ್ರಕಟಿಸಿದರು. 2017-18ರಲ್ಲಿ ಸೇರಿದವರ ಪೈಕಿ ಕೋರ್ಸ್ ಮುಗಿಸಿದವರು ಶೇ 3.13 ಮಾತ್ರ. ಆದರೆ ಅದೇ ಲೆಕ್ಕದ ಇನ್ನೊಂದು ಸಾಲನ್ನೂ ಓದಬೇಕು. ಶುಲ್ಕ ಕಟ್ಟಿ, ಪ್ರಮಾಣಪತ್ರ ಬೇಕೆಂದು ನೋಂದಾಯಿಸಿದವರಲ್ಲಿ ಮುಗಿಸಿದವರು ಶೇ 46. ಇಬ್ಬರ ಮುಂದೆಯೂ ಇದ್ದದ್ದು ಅದೇ ಪುಟ, ಅದೇ ವಿಡಿಯೊ. ಯಾಕೆ ಓದುತ್ತಿದ್ದೇನೆ, ಯಾವಾಗ ಮುಗಿಸಬೇಕು ಎಂಬ ನಿಶ್ಚಯ ಇದ್ದವರು ಕೊನೆ ಮುಟ್ಟಿದರು. ಈ ನಿಶ್ಚಯವನ್ನು ಹದಿನೆಂಟರ ಹರೆಯದ ಮಕ್ಕಳು ಎಲ್ಲಿಂದಲೋ ಹೊತ್ತು ತರಲಿ ಎಂದು ಕಾಯುವಂತಿಲ್ಲ. ತಾಣದ ರಚನೆಯೇ ಅದರ ಒಂದು ಭಾಗವನ್ನು ಒದಗಿಸಬೇಕು.

ಅಮೆರಿಕದ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯ 2013ರಲ್ಲಿ ಉಡಾಸಿಟಿ ಎಂಬ ಕಂಪನಿಯ ಜೊತೆ ಸೇರಿ ಗಣಿತ ಮತ್ತು ಸಂಖ್ಯಾಶಾಸ್ತ್ರದ ಕೋರ್ಸುಗಳನ್ನು ಪೂರ್ತಿ ಆನ್‌ಲೈನಿಗೆ ತಂದಿತ್ತು. ವಿಡಿಯೊಗಳು ಉತ್ತಮವಾಗಿದ್ದವು, ದೊಡ್ಡ ಹೆಸರೂ ಇತ್ತು. ಗಣಿತದ ಕೋರ್ಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಫೇಲಾದರು. ಕೆಲವೇ ತಿಂಗಳಲ್ಲಿ ಪ್ರಯೋಗಕ್ಕೆ ತಡೆ ಬಿತ್ತು. ಆಮೇಲೆ ಲೆಕ್ಕ ತೆಗೆದು ನೋಡಿದಾಗ ಕಂಡದ್ದು ಎರಡು ಸಂಗತಿ. ವಿಡಿಯೊ ಎಷ್ಟು ಹೊತ್ತು ನೋಡಿದರು ಎಂಬುದಕ್ಕಿಂತ ಎಷ್ಟು ಲೆಕ್ಕ ಬಿಡಿಸಿ ಒಪ್ಪಿಸಿದರು ಎಂಬುದೇ ಪಾಸಾಗುವುದನ್ನು ಹೆಚ್ಚು ಹೇಳುತ್ತಿತ್ತು. ಎರಡನೆಯದು, ಸೇರಿಸಿಕೊಂಡಿದ್ದ ಕೆಲವು ಹೈಸ್ಕೂಲ್ ಮಕ್ಕಳಿಗೆ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ, ಮತ್ತು ಇದು ಗೊತ್ತಾದದ್ದು ಕೋರ್ಸ್ ಶುರುವಾದ ಮೇಲೆ. ಅಷ್ಟು ಸಿರಿವಂತ ನಾಡಿನಲ್ಲಿ, ಅಷ್ಟು ಹಣ ಹೂಡಿದ ಕಡೆಯಲ್ಲೂ ಓದುವವರ ಮನೆಯ ಕಡೆ ಮೊದಲು ಯಾರೂ ನೋಡಿರಲಿಲ್ಲ.

ನಮ್ಮಲ್ಲಿ ಒಳ್ಳೆಯ ಮಾದರಿ ಬೇಕೆಂದರೆ ಎನ್‌ಪಿಟಿಇಎಲ್ ಕೋರ್ಸುಗಳ ಅಂಕದ ಲೆಕ್ಕ ನೋಡಿ. ಪ್ರತಿ ವಾರವೂ ಒಂದು ಅಸೈನ್‌ಮೆಂಟ್, ಅದಕ್ಕೊಂದು ಕೊನೆಯ ದಿನ. ಹನ್ನೆರಡು ವಾರದ ಕೋರ್ಸಾದರೆ ಹನ್ನೆರಡು ಅಸೈನ್‌ಮೆಂಟುಗಳಲ್ಲಿ ಅತ್ಯುತ್ತಮ ಎಂಟನ್ನು ಮಾತ್ರ ಪರಿಗಣಿಸುತ್ತಾರೆ. ಆ ಸರಾಸರಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. 'ಹನ್ನೆರಡರಲ್ಲಿ ಎಂಟು' ಎಂಬ ಆ ಒಂದು ನಿಯಮದ ಮೇಲೆ ನನಗೆ ತುಂಬ ಗೌರವ. ವಾರಕ್ಕೊಮ್ಮೆ ಕೆಲಸ ಒಪ್ಪಿಸುವ ಶಿಸ್ತು ಅದರಲ್ಲಿದೆ. ಜ್ವರ, ಅಕ್ಕನ ಮದುವೆ, ಭತ್ತದ ಕೊಯ್ಲು, ಊರ ಜಾತ್ರೆ ಇವಕ್ಕೆಲ್ಲ ನಾಲ್ಕು ವಾರದ ಜಾಗವೂ ಇದೆ. ಯಾರೂ ಎಚ್‌ಒಡಿ ಮುಂದೆ ಕೈಕಟ್ಟಿ ನಿಂತು ವಿನಾಯಿತಿ ಕೇಳಬೇಕಿಲ್ಲ. ಒಂದು ವಾರ ತಪ್ಪಿದವರು "ಹೋಯ್ತು, ಇನ್ನೇನು" ಎಂದು ಕೈಚೆಲ್ಲುವುದೂ ಇಲ್ಲ. ನನ್ನ ಕೋರ್ಸಿಗೆ ಹತ್ತರಲ್ಲಿ ಏಳು ಎಂದು ಇದನ್ನೇ ತಂದುಕೊಂಡೆ. ಕಟ್ಟುನಿಟ್ಟು ಕಡಿಮೆಯಾಯಿತೆಂದು ಸಹೋದ್ಯೋಗಿಗಳು ಆಕ್ಷೇಪಿಸಿದರು. ಒಪ್ಪಿಸುವವರ ಸಂಖ್ಯೆ ಏರಿತು.

ನಾಲ್ಕನೇ ವಾರದ ಪುಟ

ಮಾತಿಗಿಂತ ತೋರಿಸುವುದು ಮೇಲು. ಈಗ ನನ್ನ ಕೋರ್ಸಿನ ನಾಲ್ಕನೇ ವಾರ ತೆರೆದರೆ ಮೊದಲು ಕಾಣುವುದು ಮೂರು ಸಾಲು: 'ಈ ವಾರದ ವಿಷಯ: ಬೆಲೆ ಏರಿದರೆ ಬೇಡಿಕೆ ಎಷ್ಟು ಇಳಿಯುತ್ತದೆ? ನಿಮ್ಮ ಕೆಲಸ ಮೂರು, ಒಟ್ಟು ಸುಮಾರು ಎರಡು ಗಂಟೆ. ಭಾನುವಾರ ರಾತ್ರಿ 11ರೊಳಗೆ ಮುಗಿಸಿ.' ಕೆಳಗೆ ಆ ಮೂರು ಕೆಲಸಗಳು, ಮಾಡಬೇಕಾದ ಕ್ರಮದಲ್ಲೇ. ಪ್ರತಿಯೊಂದರ ಎದುರು ಎಷ್ಟು ನಿಮಿಷ, ಎಷ್ಟು ಎಂಬಿ ಎಂದು ಬರೆದಿರುತ್ತದೆ. ಮುಗಿಸಿದ ಮೇಲೆ ಎದುರಿಗೆ ಗುರುತು ಬೀಳುತ್ತದೆ. ಹೆಚ್ಚಿನ ಓದಿಗೆಂದು ಇಟ್ಟದ್ದೆಲ್ಲ ಬೇರೊಂದು ಪುಟದಲ್ಲಿ, ಬೇಕಾದವರಿಗೆ ಮಾತ್ರ. ಎಲ್ಲ ವಾರಗಳೂ ಇದೇ ಅಚ್ಚಿನಲ್ಲಿವೆ. ಮೊದಲ ಎರಡು ವಾರ ಕಳೆದ ಮೇಲೆ ಯಾವುದು ಎಲ್ಲಿದೆ ಎಂದು ಹುಡುಕುವ ತಾಪತ್ರಯ ಇರುವುದಿಲ್ಲ. ತಲೆಯ ಶಕ್ತಿಯೆಲ್ಲ ಪಾಠಕ್ಕೆ ಉಳಿಯುತ್ತದೆ.

ಇದೇನು ಹೊಸ ಶೋಧವಲ್ಲ. ಮೂಡಲ್ ತಂತ್ರಾಂಶ ಆಸ್ಟ್ರೇಲಿಯಾದ ಪರ್ತ್‌ನಿಂದ ಹೊರಬಂದದ್ದು 2002ರಲ್ಲಿ. ವಾರವಾರಕ್ಕೆ ಪಾಠ ಜೋಡಿಸುವ ವಿನ್ಯಾಸವೂ, ಮುಗಿಸಿದ್ದಕ್ಕೆ ಗುರುತು ಹಾಕುವ ಸೌಲಭ್ಯವೂ ಅದರಲ್ಲಿ ಸಿದ್ಧವಾಗಿಯೇ ಇವೆ. ನಾವು ಬಳಸುವುದಿಲ್ಲ, ಅಷ್ಟೆ. ಗೂಗಲ್ ಕ್ಲಾಸ್‌ರೂಮಿನದು ಬೇರೆ ತೊಡಕು. ಅದರ ಮೊದಲ ಪುಟದಲ್ಲಿ ತೀರಾ ಈಚಿನದು ಮೇಲೆ, ಹಳೆಯದು ಕೆಳಗೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಂತೂ ಗುಡ್ ಮಾರ್ನಿಂಗ್ ಚಿತ್ರಗಳ ಅಡಿಯಲ್ಲಿ ಪಾಠ ಹೂತುಹೋಗುತ್ತದೆ. ಸುದ್ದಿ ತಿಳಿಸಲು ಈ ಜೋಡಣೆ ಸರಿ. ಒಂದರ ಮೇಲೊಂದು ನಿಲ್ಲುವ ಪಾಠಕ್ಕೆ ಸರಿಯಲ್ಲ. ತಡವಾಗಿ ಸೇರಿದ ಹುಡುಗನಿಗೆ ಮೊದಲು ಸಿಗುವುದು ಕೊನೆಯ ಪಾಠ. ಕ್ಲಾಸ್‌ರೂಮ್ ಬಳಸುವವರು 'ಕ್ಲಾಸ್‌ವರ್ಕ್' ಪುಟದಲ್ಲಿ ವಾರಕ್ಕೊಂದು ಶೀರ್ಷಿಕೆ ಹಾಕಿ ಅದರಡಿಯಲ್ಲೇ ಎಲ್ಲ ಸೇರಿಸಿದರೆ ಈ ತೊಡಕು ಬಹುಪಾಲು ತೀರುತ್ತದೆ.

ಭಾನುವಾರ ರಾತ್ರಿ 11 ಎಂಬ ಸಮಯ ಹೇಗೆ ಬಂತು? ಮೊದಲು ಶುಕ್ರವಾರ ಸಂಜೆ 5 ಎಂದು ಇಟ್ಟಿದ್ದೆ. ಅದು ನನಗೆ ಅನುಕೂಲದ ಸಮಯ. ಆ ದಿನ ಪಕ್ಕದಲ್ಲಿ ಕೂತಿದ್ದ ಹುಡುಗಿ ಮಾತಿಗೆ ಮಾತು ಬಂದು ಹೇಳಿದಳು: ಫೋನು ಹಗಲು ಅವಳ ಹತ್ತಿರ, ಸಂಜೆ ಮನೆಗೆ ಹೋದ ಮೇಲೆ ತಮ್ಮನ ಕೈಗೆ, ರಾತ್ರಿ ಒಂಬತ್ತರ ನಂತರ ಮತ್ತೆ ಅವಳಿಗೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕು. ಅವಳ ಕೈಗೆ ಬರುವ ಹೊತ್ತಿಗೆ ಅದು ಮುಗಿದಿರುತ್ತದೆ.

ಮುಗಿದರೂ ನೆಟ್ ಪೂರ್ತಿ ನಿಲ್ಲುವುದಿಲ್ಲ. ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ನನ್ನ 38 ಎಂಬಿಯ ನೋಟ್ಸ್ ಇಳಿಯಲು ಎಷ್ಟು ಹೊತ್ತು ಬೇಕೆಂದು ಅಂದು ಸಂಜೆ ಲೆಕ್ಕ ಹಾಕಿದೆ. ಒಂದು ಗಂಟೆ ಇಪ್ಪತ್ತು ನಿಮಿಷದ ಹತ್ತಿರ. ಅದೇ ನೋಟ್ಸನ್ನು ಫೋಟೋ ಬದಲು ಅಕ್ಷರವಾಗಿ ಟೈಪ್ ಮಾಡಿ 300 ಕೆಬಿಯ ಪುಟವಾಗಿಸಿದರೆ ನಲವತ್ತು ಸೆಕೆಂಡಿನೊಳಗೆ ತೆರೆಯುತ್ತದೆ. ಹತ್ತು ನಿಮಿಷದ ಪಾಠವನ್ನು ಬರೀ ದನಿಯಾಗಿ 32 ಕೆಬಿಪಿಎಸ್ ಗುಣಮಟ್ಟದಲ್ಲಿ ಉಳಿಸಿದರೆ 2.4 ಎಂಬಿ, ಪ್ಯಾಕು ಮುಗಿದ ಮೇಲೂ ತಡೆಯಿಲ್ಲದೆ ಕೇಳಬಹುದು. ಒಂದು ಗಂಟೆಯ ವಿಡಿಯೊ 480ಪಿಯಲ್ಲಿ ಹೆಚ್ಚುಕಡಿಮೆ ಅರ್ಧ ಜಿಬಿ ನುಂಗುತ್ತದೆ. ಬಣ್ಣ, ಬ್ಯಾನರು, ಅಲ್ಲಾಡುವ ಚಿತ್ರಗಳ ಬಗ್ಗೆ ಚರ್ಚಿಸುವ ಮೊದಲು ಈ ಲೆಕ್ಕ ಮಾಡಬೇಕು. ನಮ್ಮ ಮಕ್ಕಳ ಮಟ್ಟಿಗೆ ವಿನ್ಯಾಸ ಎಂದರೆ ಮೊದಲು ಇದೇ.

2021ರಲ್ಲಿ ಸರ್ಕಾರ ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಟ್ಯಾಬ್ ಹಂಚಿತು. ಒಳ್ಳೆಯ ಕೆಲಸ. ಆದರೆ ಡೇಟಾ ಮತ್ತು ಸಿಗ್ನಲ್ ಟ್ಯಾಬಿನ ಡಬ್ಬದಲ್ಲಿ ಬರುವುದಿಲ್ಲ. ಮಲೆನಾಡಿನ ಹುಡುಗರು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದು, ಮಳೆಯಲ್ಲಿ ರಸ್ತೆ ಬದಿ ಪಾಠ ಕೇಳಿದ್ದು ನಾವೆಲ್ಲ ಕಂಡಿದ್ದೇವೆ. ಮೂಡಲ್‌ನ ಮೊಬೈಲ್ ಆ್ಯಪಿನಲ್ಲಿ ಕಾಲೇಜಿನ ವೈಫೈ ಇರುವಾಗಲೇ ಇಡೀ ವಾರದ ಪಾಠ ಇಳಿಸಿಕೊಂಡು ಮನೆಯಲ್ಲಿ ನೆಟ್ ಇಲ್ಲದೆ ಓದುವ ಅನುಕೂಲ ಇದೆ. ಉಪನ್ಯಾಸಕರು ಅನುಮತಿ ಕೊಟ್ಟಿದ್ದರೆ ಕ್ವಿಜ್ ಕೂಡ ಹಾಗೇ ಬರೆದು, ಮರುದಿನ ಸಂಪರ್ಕ ಸಿಕ್ಕಾಗ ಕಳುಹಿಸಬಹುದು. ಆ ಅನುಮತಿ ಸೆಟ್ಟಿಂಗಿನಲ್ಲಿ ಒಂದು ಆಯ್ಕೆ ಅಷ್ಟೆ. ಅದಿದೆ ಎಂಬುದು ನನಗೇ ಮೂರು ವರ್ಷ ಗೊತ್ತಿರಲಿಲ್ಲ.

ವಿಡಿಯೊ ಎಷ್ಟು ಉದ್ದ ಇರಬೇಕು ಎಂಬ ಪ್ರಶ್ನೆಗೆ ಎಲ್ಲರ ಬಾಯಲ್ಲೂ 'ಆರು ನಿಮಿಷ' ಎಂಬ ಉತ್ತರವಿದೆ. ಅದರ ಮೂಲ 2014ರ ಒಂದು ಅಧ್ಯಯನ. ಎಡೆಕ್ಸ್‌ನ ನಾಲ್ಕು ಕೋರ್ಸುಗಳಲ್ಲಿ ಮಕ್ಕಳು ವಿಡಿಯೊ ನೋಡಿದ 69 ಲಕ್ಷ ಸಂದರ್ಭಗಳನ್ನು ಪರಿಶೀಲಿಸಿದಾಗ, ವಿಡಿಯೊ ಎಷ್ಟೇ ಉದ್ದವಿರಲಿ, ಸಾಮಾನ್ಯ ವಿದ್ಯಾರ್ಥಿ ನೋಡುತ್ತಿದ್ದದ್ದು ಹೆಚ್ಚೆಂದರೆ ಆರು ನಿಮಿಷ ಎಂದು ಕಂಡಿತು. ನಾನು ಆ ಅಂಕಿಗಿಂತ ಅದೇ ಅಧ್ಯಯನದ ಇನ್ನೊಂದು ಮಾತಿಗೆ ಹೆಚ್ಚು ಬೆಲೆ ಕೊಡುತ್ತೇನೆ. ತರಗತಿಯಲ್ಲಿ ಮಾಡಿದ ಪಾಠವನ್ನು ಚಿತ್ರೀಕರಿಸಿ ಚಿಕ್ಕ ತುಂಡುಗಳಾಗಿ ಕತ್ತರಿಸಿದರೂ ಮಕ್ಕಳು ಅಷ್ಟಾಗಿ ನೋಡಲಿಲ್ಲ. ಕತ್ತರಿ ಹಾಕಿದ ಮಾತ್ರಕ್ಕೆ ಪಾಠ ಚಿಕ್ಕದಾಗುವುದಿಲ್ಲ. ಬರೆಯುತ್ತ, ಮಾತಾಡುತ್ತ, ಪಕ್ಕದಲ್ಲಿ ಕೂತು ಹೇಳಿಕೊಟ್ಟಂತೆ ಮಾಡಿದ ವಿಡಿಯೊಗಳು ಬರೀ ಸ್ಲೈಡುಗಳಿಗಿಂತ ಹೆಚ್ಚು ಹೊತ್ತು ಹಿಡಿದಿಟ್ಟವು. ಒಂದು ಬಿಳಿ ಹಾಳೆ, ಒಂದು ಪೆನ್ನು, ಪುಸ್ತಕಗಳ ಮೇಲೆ ಆನಿಸಿಟ್ಟ ಫೋನು, ಇಷ್ಟಿದ್ದರೆ ಅಂಥದ್ದೊಂದು ವಿಡಿಯೊ ಆಗುತ್ತದೆ. ಸ್ಟುಡಿಯೊ ಬೇಕಿಲ್ಲ.

ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯನ್ನೂ ಇಲ್ಲಿ ನೆನೆಯಬೇಕು. ಸುಮಾರು ಹತ್ತು ನಿಮಿಷದ ಪಾಠಗಳು, ಕನ್ನಡದ ದನಿಯಲ್ಲೂ ಸಿಗುತ್ತವೆ. ಪರದೆಯ ಒಂದು ಬದಿಯಲ್ಲಿ ಪಾಠ, ಇನ್ನೊಂದು ಬದಿಯಲ್ಲಿ ಕಲಿಯುವವರ ಕೆಲಸ: ನೋಡು, ನಿಲ್ಲಿಸು, ನೀನೇ ಮಾಡು, ಮುಂದೆ ಹೋಗು. ಬೋಧಕರು ಎದುರಿಗೆ ಇರುವುದಿಲ್ಲ ಎಂದೇ ಲೆಕ್ಕ ಹಾಕಿ ಬರೆದ ಪಾಠಗಳವು. ಎಲ್ಲಿ ನಿಲ್ಲಿಸಬೇಕೆಂದು ಪಾಠವೇ ಹೇಳುತ್ತದೆ.

ತಪ್ಪು ಉತ್ತರಕ್ಕೆ ಕೊಡುವ ಉತ್ತರ

ಕೋರ್ಸ್ ತಾಣದಲ್ಲಿ ಒಂದೇ ಒಂದು ಸಂಗತಿಗೆ ಸಮಯ ಕೊಡಲು ಸಾಧ್ಯ ಎಂದಾದರೆ ಅದನ್ನು ಕ್ವಿಜ್‌ಗೆ ಕೊಡಿ ಎನ್ನುತ್ತೇನೆ. ಅಂಕ ಹಾಕುವುದಕ್ಕಲ್ಲ, ಕಲಿಸುವುದಕ್ಕೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಆಧಾರ. ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಭಾಗ ಓದಲು ಕೊಟ್ಟರು. ಆಮೇಲೆ ಕೆಲವನ್ನು ಮತ್ತೊಮ್ಮೆ ಓದಿಸಿದರು, ಕೆಲವನ್ನು ಪುಸ್ತಕ ಮುಚ್ಚಿಸಿ ನೆನಪಿನಿಂದ ಬರೆಸಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮರು ಓದೇ ಮುಂದಿತ್ತು. ಒಂದು ವಾರದ ನಂತರ ಲೆಕ್ಕ ತಿರುಗಿತು: ನೆನಪಿನಿಂದ ಬರೆದದ್ದರಲ್ಲಿ ಶೇ 56ರಷ್ಟು ಉಳಿದಿತ್ತು, ಮತ್ತೆ ಓದಿದ್ದರಲ್ಲಿ ಶೇ 42. ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸ್ ಮೇಲೆ ಕಣ್ಣಾಡಿಸಿದ ಮಕ್ಕಳಿಗೆ ಎಲ್ಲ ಗೊತ್ತಿದೆ ಅನ್ನಿಸುತ್ತದಲ್ಲ, ಅದರ ಗುಟ್ಟು ಇದೇ.

ನಾಲ್ಕನೇ ವಾರದ ನನ್ನ ಕ್ವಿಜ್‌ನ ಒಂದು ಪ್ರಶ್ನೆ ಹೀಗಿದೆ. ಟೊಮೆಟೊ ಬೆಲೆ ಕಿಲೋಗೆ 20 ರೂಪಾಯಿಂದ 25ಕ್ಕೆ ಏರಿತು. ಒಂದು ಮೆಸ್ಸಿನವರು ವಾರಕ್ಕೆ 40 ಕಿಲೋ ಕೊಳ್ಳುತ್ತಿದ್ದವರು 36ಕ್ಕೆ ಇಳಿಸಿದರು. ಬೇಡಿಕೆಯ ಸ್ಥಿತಿಸ್ಥಾಪಕತೆ ಎಷ್ಟು? ಬೆಲೆ ಶೇ 25 ಏರಿದೆ, ಕೊಂಡದ್ದು ಶೇ 10 ಇಳಿದಿದೆ, ಬೇಡಿಕೆಯ ಶೇಕಡಾವಾರು ಬದಲಾವಣೆಯನ್ನು ಬೆಲೆಯದರಿಂದ ಭಾಗಿಸಿದರೆ 0.4. ಇದು ಸರಿ ಉತ್ತರ. ನನಗೆ ಮುಖ್ಯವಾದದ್ದು ಉಳಿದ ಆಯ್ಕೆಗಳು. 0.8 ಒತ್ತಿದವರು ಶೇಕಡಾವಾರು ಬಿಟ್ಟು ನೇರವಾಗಿ 4 ಕಿಲೋವನ್ನು 5 ರೂಪಾಯಿಂದ ಭಾಗಿಸಿದ್ದಾರೆ. 2.5 ಒತ್ತಿದವರು ಶೇಕಡಾವಾರು ಸರಿಯಾಗೇ ಹಾಕಿ, ಭಾಗಾಕಾರವನ್ನು ತಲೆಕೆಳಗು ಮಾಡಿದ್ದಾರೆ. ಎರಡೂ ಬೇರೆ ಬೇರೆ ತಪ್ಪು, ಬೇರೆ ಬೇರೆ ಮಾತು ಬೇಕು. ಆದ್ದರಿಂದ 0.8 ಒತ್ತಿದವರಿಗೆ 'ಕಿಲೋ ಮತ್ತು ರೂಪಾಯಿ ಬೇರೆ ಬೇರೆ ಅಳತೆ. ಮೊದಲು ಎರಡನ್ನೂ ಶೇಕಡಾವಾರಿಗೆ ತನ್ನಿ' ಎಂದು ಬರುತ್ತದೆ. 2.5ಕ್ಕೆ 'ಮೇಲೆ ಇರಬೇಕಾದ್ದು ಯಾವುದು? ನಾವು ಅಳೆಯುತ್ತಿರುವುದು ಬೇಡಿಕೆಯನ್ನು' ಎಂದು. 'ತಪ್ಪು ಉತ್ತರ, ಪುನಃ ಪ್ರಯತ್ನಿಸಿ' ಎಂದಷ್ಟೇ ಹೇಳುವ ಕ್ವಿಜ್ ಮಕ್ಕಳಿಗೆ ಉಳಿದ ಆಯ್ಕೆಗಳನ್ನು ಒಂದೊಂದಾಗಿ ಒತ್ತುವುದನ್ನಷ್ಟೇ ಕಲಿಸುತ್ತದೆ.

ಒಬ್ಬರು ಬಿಡಿಸಿ ಗ್ರೂಪಿಗೆ ಹಾಕಿದರೆ? ಹಾಕುತ್ತಾರೆ, ಹಾಕಿದ್ದಾರೆ. ಮೂಡಲ್‌ನಲ್ಲಿ ಪ್ರಶ್ನೆಯೊಳಗಿನ ಅಂಕಿಗಳನ್ನು ಒಬ್ಬೊಬ್ಬರಿಗೂ ಬದಲಿಸಿ ಕೊಡುವ ವಿಧಾನವಿದೆ. ಒಬ್ಬಳಿಗೆ 20-25, ಪಕ್ಕದವಳಿಗೆ 30-36. ಆಗ ಗ್ರೂಪಿನಲ್ಲಿ ಓಡಾಡುವುದು ಉತ್ತರವಲ್ಲ, ಬಿಡಿಸುವ ಕ್ರಮ. ಅದು ಓಡಾಡಲಿ. ಬರಹದ ಅಸೈನ್‌ಮೆಂಟಿನದು ಇನ್ನೂ ಕಷ್ಟದ ಮಾತು. 'ಸ್ಥಿತಿಸ್ಥಾಪಕತೆಯ ವಿಧಗಳನ್ನು ವಿವರಿಸಿ' ಎಂದು ಕೇಳಿದರೆ ಚಾಟ್‌ಜಿಪಿಟಿ ಅರೆಕ್ಷಣದಲ್ಲಿ ಬರೆದುಕೊಡುತ್ತದೆ. ನಿಮ್ಮೂರ ಸಂತೆಯಲ್ಲಿ ಈ ವಾರ ಒಂದು ತರಕಾರಿಯ ಬೆಲೆ ಕೇಳಿಕೊಂಡು ಬನ್ನಿ, ಮುಂದಿನ ವಾರ ಮತ್ತೆ ಕೇಳಿ, ಮಾರುವವರು ವ್ಯಾಪಾರದ ಬಗ್ಗೆ ಏನೆಂದರು ಬರೆಯಿರಿ ಎಂದರೆ ಸಂತೆಗೆ ಹೋಗಲೇಬೇಕು. ಚರ್ಚೆಯ ಪುಟದಲ್ಲಿ 'ಸಂಶಯಗಳಿದ್ದರೆ ಕೇಳಿ' ಎಂದು ಹಾಕಿದ್ದಾಗ ಇಡೀ ಸೆಮಿಸ್ಟರ್ ಅದು ಖಾಲಿ ಇತ್ತು. ಸಂತೆಯ ಬೆಲೆ ಹಾಕಿ ಎಂದ ವಾರ ತುಂಬಿತು. ತನ್ನದನ್ನು ಬರೆಯುವ ತನಕ ಬೇರೆಯವರದು ಕಾಣದಂತೆ ಇಟ್ಟಿದ್ದೆ. ಹಾಗಾಗಿ ಯಾರೂ ಯಾರದನ್ನೂ ನೋಡಿ ಬರೆದಿರಲಿಲ್ಲ. ಹತ್ತು ಕಿಲೋಮೀಟರ್ ಅಂತರದ ಎರಡು ಸಂತೆಗಳಲ್ಲಿ ಬೀನ್ಸ್ ಬೆಲೆ ಅಷ್ಟು ಬೇರೆ ಇರುವುದೇಕೆ ಎಂದು ಮಕ್ಕಳೇ ಜಗಳಕ್ಕೆ ಬಿದ್ದರು. ಸಾಗಾಣಿಕೆ ವೆಚ್ಚದ ಪಾಠ ನಾನು ಮಾಡುವ ಮೊದಲೇ ಅಲ್ಲಿ ಶುರುವಾಗಿತ್ತು.

ಭಾಷೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಪಿಯುಸಿವರೆಗೆ ಕನ್ನಡದಲ್ಲಿ ಓದಿ ಬಿ.ಕಾಂ.ಗೆ ಬಂದ ಮಕ್ಕಳು ಮೊದಲ ಸೆಮಿಸ್ಟರಿನಲ್ಲಿ ಬೀಳುವುದು ವಿಷಯದ ಎದುರಲ್ಲ, ಪದಗಳ ಎದುರು. ಸ್ಥಿತಿಸ್ಥಾಪಕತೆ ಎಂಬ ಪದ ಪುಸ್ತಕದ್ದು, ಎಲಾಸ್ಟಿಸಿಟಿ ಪರೀಕ್ಷೆಯದ್ದು. ಎರಡೂ ಒಂದೇ ಎಂದು ಯಾರಾದರೂ ಹೇಳಬೇಕು. ಮೂಡಲ್‌ನ ಪದಕೋಶದಲ್ಲಿ ಒಮ್ಮೆ ಸೇರಿಸಿದ ಪದ ಪಾಠದಲ್ಲಿ ಎಲ್ಲೇ ಬಂದರೂ ತಾನಾಗಿ ಕೊಂಡಿಯಾಗುವಂತೆ ಮಾಡಬಹುದು. ಒತ್ತಿದರೆ ಎರಡೂ ಹೆಸರು, ಒಂದು ಸಾಲಿನ ಅರ್ಥ, ಒಂದು ಉದಾಹರಣೆ. ನಾನು ಅದರ ಜೊತೆಗೆ ಪ್ರತಿ ವಾರ ಐದು ನಿಮಿಷ ಕನ್ನಡದಲ್ಲಿ ಮಾತಾಡಿ ದನಿ ಮುದ್ರಿಸಿ ಹಾಕುತ್ತೇನೆ. ಬಸ್ಸಿನಲ್ಲಿ ಕೇಳುತ್ತಾರಂತೆ.

ಅಕ್ಷರದ ತೊಂದರೆ ಇನ್ನೂ ಹಳೆಯದು. ನಮ್ಮ ತಲೆಮಾರಿನ ಉಪನ್ಯಾಸಕರ ಕಂಪ್ಯೂಟರುಗಳಲ್ಲಿ ವರ್ಷಗಟ್ಟಲೆ ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಮಾಡಿದ ನೋಟ್ಸ್ ತುಂಬಿದೆ. ಅದನ್ನು ಹಾಗೇ ತಾಣಕ್ಕೆ ಅಂಟಿಸಿದರೆ ಕನ್ನಡ ಹೋಗಿ ರೋಮನ್ ಅಕ್ಷರಗಳ ಗೋಜಲು ಬರುತ್ತದೆ. ಪಿಡಿಎಫ್ ಮಾಡಿದರೆ ಕಣ್ಣಿಗೇನೋ ಕನ್ನಡ ಕಾಣುತ್ತದೆ, ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಯೂನಿಕೋಡಿಗೆ, ಅಂದರೆ ಎಲ್ಲ ಫೋನು ಕಂಪ್ಯೂಟರುಗಳೂ ಕನ್ನಡವೆಂದೇ ಗುರುತಿಸುವ ಅಕ್ಷರ ವ್ಯವಸ್ಥೆಗೆ, ಬದಲಿಸುವ ಉಚಿತ ಪರಿವರ್ತಕಗಳಿವೆ. ಒತ್ತಕ್ಷರಗಳಲ್ಲಿ ಒಂದಷ್ಟು ತಪ್ಪು ಉಳಿಯುತ್ತದೆ, ತಿದ್ದಬೇಕು. ಈ ಶ್ರಮ ಯಾಕೆ ಬೇಕೆಂದು ನನಗೆ ಮನದಟ್ಟು ಮಾಡಿಸಿದ್ದು ಕಣ್ಣು ಕಾಣದ ಒಬ್ಬ ವಿದ್ಯಾರ್ಥಿ. ಅವನ ಫೋನು ಯೂನಿಕೋಡ್ ಕನ್ನಡವನ್ನು ಗಟ್ಟಿಯಾಗಿ ಓದುತ್ತದೆ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಅದೇ ಕೆಲಸ ಮಾಡುತ್ತದೆ. ನನ್ನ ಫೋಟೋ ನೋಟ್ಸ್ ಬಂದಾಗ ಮಾತ್ರ ಅದು ಮೌನ. ಕಲಿಕೆಯಲ್ಲಿ ಇಂಥ ಅಡ್ಡಿ ಇರಕೂಡದು ಎಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಕಾಯ್ದೆಯ ಮಾತು ಆಮೇಲೆ. ತರಗತಿಯಲ್ಲಿ ಅರವತ್ತು ಜನರ ಜೊತೆ ಕೂತ ಹುಡುಗನಿಗೆ ಅರವತ್ತೊಂದನೆಯವನಾಗಿ ಓದಲು ಬಿಡದ ಪುಟ ಅದು, ಮತ್ತು ಅದನ್ನು ಕಟ್ಟಿದವನು ನಾನು.

ಇಷ್ಟೆಲ್ಲ ಮಾಡುವವರು ಯಾರು ಎಂಬ ಪ್ರಶ್ನೆಗೆ ಬರೋಣ. ಒಂದು ವಾರದ ಪುಟಕ್ಕೆ, ತಪ್ಪು ಉತ್ತರಗಳ ವಿವರಣೆಯನ್ನೂ ಸೇರಿಸಿ, ನನಗೆ ಎಂಟು ಹತ್ತು ಗಂಟೆ ಹಿಡಿಯಿತು. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಹೊತ್ತಿರುವವರು ಅತಿಥಿ ಉಪನ್ಯಾಸಕರು. ಅವರ ಗೌರವಧನ ಪಾಠದ ಗಂಟೆಗಳಿಗೆ ಲೆಕ್ಕ ಹಾಕಿದ್ದು; ಪುಟ ಕಟ್ಟುವ ಗಂಟೆಗಳು ಯಾವ ವರ್ಕ್‌ಲೋಡ್ ಪಟ್ಟಿಯಲ್ಲೂ ಇಲ್ಲ. ಮುಂದಿನ ವರ್ಷ ಅದೇ ಕಾಲೇಜಿಗೆ ಬರುತ್ತಾರೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಮೇಲಿನಿಂದ ಕೇಳುವುದಾದರೂ ಏನು? ಎಷ್ಟು ಪಿಪಿಟಿ ಏರಿಸಿದಿರಿ, ಎಷ್ಟು ವಿಡಿಯೊ ಹಾಕಿದಿರಿ. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನ ಮೌಲ್ಯಮಾಪನ ಇರುವ ವರ್ಷ ಫೈಲುಗಳ ಸಂಖ್ಯೆ ಏರುತ್ತದೆ. ಎಣಿಸುವುದು ಫೈಲುಗಳನ್ನಾದರೆ ನಾವು ಫೈಲುಗಳನ್ನೇ ಕೊಡುತ್ತೇವೆ. ಅದರ ಬದಲು ಒಂದೇ ಪಠ್ಯಕ್ರಮ ಇರುವ ಒಂದು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಹತ್ತು ಜನ ಉಪನ್ಯಾಸಕರು ತಲಾ ಒಂದೂವರೆ ವಾರದ ಪುಟ ಕಟ್ಟಿ ಹಂಚಿಕೊಂಡರೆ ಎಲ್ಲರಿಗೂ ಒಂದು ಸೆಮಿಸ್ಟರ್ ಸಿಗುತ್ತದೆ. ಮೂಡಲ್‌ನಲ್ಲಿ ಕೋರ್ಸನ್ನು ಪೂರ್ತಿಯಾಗಿ ಒಂದೇ ಕಡತವಾಗಿ ಇಳಿಸಿ ಇನ್ನೊಂದು ಕಾಲೇಜಿನಲ್ಲಿ ಏರಿಸಬಹುದು. ನಾವು ಮೂವರು ಸೇರಿ ಹಾಗೆ ಒಂದು ವಿಷಯದ ಕೋರ್ಸನ್ನು ಹಂಚಿಕೊಂಡಿದ್ದೇವೆ. ಇದಕ್ಕೆ ವರ್ಕ್‌ಲೋಡಿನಲ್ಲಿ ವಾರಕ್ಕೆ ಎರಡು ಗಂಟೆ ಕೊಡಿ ಎಂದು ಕೇಳುವುದು ದುಬಾರಿ ಬೇಡಿಕೆಯಲ್ಲ.

ಅಷ್ಟರವರೆಗೆ, ಒಬ್ಬರೇ ಇದ್ದರೂ ಮಾಡಬಹುದಾದ ಕೆಲಸ ಒಂದಿದೆ: ಮಕ್ಕಳ ಪಕ್ಕದಲ್ಲಿ ಕೂತು, ಬಾಯಿ ಮುಚ್ಚಿಕೊಂಡು, ಅವರ ಹೆಬ್ಬೆರಳು ಎಲ್ಲಿ ತಡೆಯುತ್ತದೆ ಎಂದು ನೋಡುವುದು. ಸೆಮಿಸ್ಟರಿಗೆ ಮೂವರು ಸಾಕು. ಈ ಸಲ ಒಬ್ಬ ಹುಡುಗನನ್ನು ಕೂರಿಸಿಕೊಂಡಿದ್ದೆ. ಲಾಗಿನ್ ಆದ, ನಾಲ್ಕನೇ ವಾರ ತೆರೆದ, ಮೊದಲ ಎರಡು ಕೆಲಸಗಳಿಗೆ ಸರಾಗವಾಗಿ ಹೋದ. ಮೂರನೆಯದರಲ್ಲಿ ನಿಂತ. 'ಹಿಂದೆ ನೋಡಿದ ಕೋಷ್ಟಕವನ್ನು ಬಳಸಿ' ಎಂದು ನಾನು ಬರೆದಿದ್ದೆ. "ಯಾವ ಹಿಂದೆ ಸಾರ್? ಹೋದ ವಾರದ್ದಾ, ಇದರ ಮೇಲಿನದಾ?" ಎಂದ. ಅಂದು ಸಂಜೆಯೇ ಆ ಸಾಲು ತೆಗೆದು, ಕೋಷ್ಟಕವನ್ನೇ ಅಲ್ಲಿಗೆ ತಂದು ಕೂರಿಸಿದೆ. 11 ಕೆಬಿ.